ಹೇಗ್ಬೇಕಣ್ಣನ ಕುರ್ಚಿ

ಅವನಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇದೆ. ಆದರೆ ಅದು ಗೊತ್ತಿರುವುದು ಕರೆಂಟ್ ಬಿಲ್ಲಿಗೆ ಮಾತ್ರ. ಊರಿಗೆಲ್ಲ ಅವನು ಹೇಗ್ಬೇಕಣ್ಣ. ಕುರ್ಚಿಯಲ್ಲಿ ಯಾರೇ ಕೂರಲಿ, ಇಪ್ಪತ್ತು ವರ್ಷದಿಂದ ತಪ್ಪದೆ ಬರುವ ಗಿರಾಕಿಯೇ ಆಗಲಿ, ಅಮ್ಮನ ಸೆರಗು ಬಿಡದ ನಾಲ್ಕು ವರ್ಷದ ಪೋರಿಯೇ ಆಗಲಿ, ಬಿಳಿ ಬಟ್ಟೆ ಹೊದಿಸಿ, ಕುತ್ತಿಗೆಯ ಹಿಂದೆ ಗಂಟು ಹಾಕಿ, ಕನ್ನಡಿಯಲ್ಲಿ ಅವರ ಕಣ್ಣನ್ನೇ ನೋಡುತ್ತ ಕೇಳುತ್ತಾನೆ: “ಹೇಗೆ ಬೇಕು?” ಉತ್ತರ ಬರುವವರೆಗೆ ಕತ್ತರಿ ಎತ್ತುವುದಿಲ್ಲ. ಅವಸರದವರಿಗೆ ಇದರಿಂದ ರೇಗುತ್ತದೆ. ರೇಗಲಿ ಬಿಡಿ, ಊರಲ್ಲಿ ಬೇರೆ ಕಟಿಂಗ್ ಅಂಗಡಿಗಳಿಗೇನು ಬರವೇ?

ಈ ಪ್ರಶ್ನೆ ಅವನ ಅಪ್ಪನ ಆಸ್ತಿ. ಅಪ್ಪ ಬಿಟ್ಟುಹೋದದ್ದು ಕಬ್ಬಿಣದ ಕಾಲಿನ ಒಂದು ಕುರ್ಚಿ, ಚಿಕ್ಕ ಮಕ್ಕಳನ್ನು ಕೂರಿಸಲು ಅದರ ಕೈಗಳ ಮೇಲೆ ಅಡ್ಡ ಇಡುವ ಒಂದು ಹಲಗೆ, ಜೊತೆಗೆ ಒಂದು ಕಟ್ಟಪ್ಪಣೆ. ಕೂತವರನ್ನು ಕೇಳದೆ ಕತ್ತರಿ ಆಡಿಸಬಾರದು. ಪೂರ್ತಿ ಬೋಳಿಸುವುದಾದರೆ ಎರಡು ಸಲ ಕೇಳಬೇಕು, ಯಾಕೆಂದರೆ ಉದುರಿದ್ದನ್ನು ಮತ್ತೆ ಅಂಟಿಸಲು ಯಾರಿಂದಲೂ ಆಗುವುದಿಲ್ಲ.

ಹಾಗಂತ ಹೇಗ್ಬೇಕಣ್ಣ ಹುಟ್ಟಾ ಧೀರನೇನಲ್ಲ. ಪ್ರಾಯದಲ್ಲಿ ಅವನೂ ಬಾಯಿಮಾತಿಗೆ ಕೇಳುತ್ತಿದ್ದವನೇ. ಪ್ರಶ್ನೆ ಕೇಳುತ್ತಿದ್ದದ್ದು ಕುರ್ಚಿಯಲ್ಲಿದ್ದ ಹುಡುಗನಿಗೆ, ನೋಡುತ್ತಿದ್ದದ್ದು ಹಿಂದೆ ನಿಂತ ಅಪ್ಪನ ಮುಖವನ್ನು. ಅಪ್ಪ “ಸಣ್ಣಗೆ” ಅಂದರೆ ಸಣ್ಣಗೆ. ಇನ್ನು ಪ್ರತಿ ತಿಂಗಳ ಮೊದಲ ಸೋಮವಾರ ಕುರ್ಚಿಯನ್ನು ಹೈಸ್ಕೂಲಿನ ಅಂಗಳಕ್ಕೆ ಒಯ್ಯುತ್ತಿದ್ದ. ಅಲ್ಲಿ ನೂರಿಪ್ಪತ್ತು ತಲೆಗಳಿಗೂ ಒಂದೇ ಲೆಕ್ಕ: ಹೆಡ್‌ಮಾಸ್ಟರು ಎರಡು ಬೆರಳಲ್ಲಿ ಹಿಡಿದರೆ ಕೂದಲು ಸಿಗಬಾರದು. ಅಲ್ಲೂ ಅವನು “ಹೇಗೆ ಬೇಕು” ಅಂತ ಗೊಣಗುತ್ತಿದ್ದ, ಉತ್ತರಕ್ಕೆ ಕಾಯದೆ ಮಷೀನು ಒತ್ತುತ್ತಿದ್ದ. ಅವನ ಅಂಗಡಿ ಇದ್ದದ್ದೇ ಆ ಸ್ಕೂಲಿನ ಕಟ್ಟಡದ ಬೀದಿಬದಿಯ ಕೋಣೆಯಲ್ಲಿ. ಹೆಡ್‌ಮಾಸ್ಟರನ್ನು ಎದುರು ಹಾಕಿಕೊಳ್ಳುವ ಮಾತು ಅವನ ಕನಸಿನಲ್ಲೂ ಸುಳಿದಿರಲಿಲ್ಲ.

ಆಗ ಬಂತು ನೋಡಿ ಆ ಮೇಳ. ಊರಾಚೆಯ ಬಯಲಿನಲ್ಲಿ ಮೂರು ದಿನ ಬರೀ ಹಾಡು, ಗಿಟಾರು, ಡ್ರಮ್ಮು. ಎಲ್ಲೆಲ್ಲಿಂದಲೋ ಹುಡುಗ ಹುಡುಗಿಯರು ಲಾರಿಗಳಲ್ಲಿ, ಸೈಕಲ್ಲುಗಳಲ್ಲಿ, ಕಾಲ್ನಡಿಗೆಯಲ್ಲಿ ಬಂದು ಸೇರಿದರು. ಎರಡು ಲಕ್ಷ ಅಂದರು ಕೆಲವರು. ಊರಿನ ಹಿರಿಯರು ಬಾಗಿಲು ಹಾಕಿ ಚಿಲಕ ಜಡಿದು, ಕಿಟಕಿಯ ಸಂದಿಯಿಂದ ಮಾತ್ರ ಕಣ್ಣು ಬಿಟ್ಟರು. ಹೇಗ್ಬೇಕಣ್ಣನಿಗೆ ಆಗ ಇಪ್ಪತ್ತನಾಲ್ಕು, ಮದುವೆಯಾಗಿ ಎಂಟು ತಿಂಗಳು. ಪೇಪರಿನಲ್ಲಿ ಬಂದ ಫೋಟೋ ನೋಡಿ ಅವನ ಎದೆ ಹಾರಿತು. ಹುಡುಗರಿಗೂ ಸೊಂಟದವರೆಗೆ ಕೂದಲು!

“ಲೇ, ಎರಡು ಲಕ್ಷ ತಲೆ ಕಣೇ,” ಅಂದ ಹೆಂಡತಿಗೆ. “ಒಂದಕ್ಕಾದ್ರೂ ಕತ್ತರಿ ತಾಗಿದ್ಯಾ ನೋಡು. ಪಾಪ, ಅವರೂರಲ್ಲೆಲ್ಲ ಕಟಿಂಗ್ ಅಂಗಡಿ ಇಲ್ವೇನೋ.”

ಕೂದಲು ಬೇಕೆಂದೇ ಬಿಟ್ಟದ್ದು ಎಂಬುದು ಕಟಿಂಗಿನವನ ತಲೆಗೆ ಹೇಗೆ ಹೊಳೆದೀತು? ಗಂಡ ಹೆಂಡತಿ ಕುರ್ಚಿಯನ್ನು ಕೈಗಾಡಿಗೆ ಹಗ್ಗ ಹಾಕಿ ಬಿಗಿದು, ಕನ್ನಡಿಗೆ ಕಂಬಳಿ ಸುತ್ತಿ, ಮೂರು ಮೈಲಿ ನೂಕಿಕೊಂಡು ಹೋಗಿ ಬಯಲಿನ ಅಂಚಿನಲ್ಲಿ ಅಂಗಡಿ ಹೂಡಿದರು. ಮೊದಲ ದಿನ ಮಧ್ಯಾಹ್ನದವರೆಗೆ ಕುರ್ಚಿಯಲ್ಲಿ ಕೂತದ್ದು ನೊಣ ಮಾತ್ರ. ಹೋಗುವವರು ಬರುವವರು ನೋಡಿ ಬಿದ್ದು ಬಿದ್ದು ನಗುತ್ತಿದ್ದರು. ಹೆಂಡತಿ ಸಿಟ್ಟಿನಿಂದ ಬೆನ್ನು ತಿರುಗಿಸಿ ಕೂತಿದ್ದಳು.

ಕೊನೆಗೆ ಗಿರಣಿ ಕೆಲಸದ ಹುಡುಗನೊಬ್ಬ ಕಾಲು ನೋವೆಂದು ಬಂದು ಕುಕ್ಕರಿಸಿದ. ಹೇಗ್ಬೇಕಣ್ಣ ಸಡಗರದಿಂದ ಬಟ್ಟೆ ಹೊದಿಸಿ ಕೇಳಿದ, “ಹೇಗೆ ಬೇಕು?”

“ಏನಂದ್ರಿ?”

“ಹೇಗೆ ಬೇಕು ಅಂದೆ. ಕೂದ್ಲು.”

ಹುಡುಗ ಕನ್ನಡಿಯನ್ನೇ ನೋಡಿದ. “ಇನ್ನೊಂದ್ಸಲ ಕೇಳಿ,” ಅಂದ. ಇನ್ನೊಮ್ಮೆ ಕೇಳಿದ. ಹುಡುಗ ಬಟ್ಟೆ ಸಮೇತ ಎದ್ದು ನಿಂತು ಬಯಲಿಗೆ ಕೇಳುವಂತೆ ಕೂಗಿದ: “ಬನ್ರೋ ಇಲ್ಲಿ! ಇವ್ರು ನಮ್ಮನ್ನೇ ಕೇಳ್ತಾರೆ ಕಣ್ರೋ!”

ಅಲ್ಲಿಂದ ಮೇಳ ಮುಗಿಯುವವರೆಗೆ ಸಾಲು ಕರಗಲಿಲ್ಲ. ಕತ್ತರಿ ಆಡಿದ್ದು ಹನ್ನೊಂದೇ ತಲೆಗೆ. ಉಳಿದವರೆಲ್ಲ ಕೂತದ್ದು ಆ ಪ್ರಶ್ನೆ ಕೇಳಿಸಿಕೊಳ್ಳಲು. ಕೆಸರು ಮೆತ್ತಿ ಗಟ್ಟಿಯಾದ ಜಡೆಗಳನ್ನು ಅವನು ನೀರು ಚಿಮುಕಿಸಿ ಬಿಡಿಸಿದ, ಹುಲ್ಲಿನ ಮುಳ್ಳು ಹೆಕ್ಕಿದ. ಒಬ್ಬಳಿಗೆ ಕಣ್ಣಿಗೆ ಬೀಳುವ ಎಳೆಗಳನ್ನಷ್ಟೇ ಹುಬ್ಬಿನ ಮಟ್ಟಕ್ಕೆ ಮಾಡಿಕೊಟ್ಟ. ಒಬ್ಬ ಅರ್ಧ ಗಂಟೆ ಯೋಚಿಸಿ, “ಇದೇ ಥರ ಇರ್ಲಿ ಅಂತ ಈಗ ಗೊತ್ತಾಯ್ತು,” ಎಂದು ಕೈಕುಲುಕಿ ಹೋದ. ಇವರಿಗೆಲ್ಲ ತಮ್ಮ ತಲೆಯ ಬಗ್ಗೆ ಹೇಳಲು ಇಷ್ಟೊಂದು ಇತ್ತೇ, ತಾನು ಎಂಟು ವರ್ಷ ಸಾವಿರಾರು ತಲೆ ಬಾಚಿ ಒಂದಾದರೂ ಕೇಳಿಸಿಕೊಂಡೆನೇ ಎಂದು ಅವನಿಗೆ ನಾಚಿಕೆಯಾಯಿತು. ಹಾಡುಗಳು ಅವನಿಗೆ ಅಷ್ಟಾಗಿ ನೆನಪಿಲ್ಲ, ಜನರೇಟರಿನ ಸದ್ದು ನೆನಪಿದೆ. ಹಾಡುಗಳೆಲ್ಲ ನೆನಪಿರುವುದು ಹೆಂಡತಿಗೆ. ಅವಳು ಎರಡನೇ ದಿನವೇ ಸಿಟ್ಟು ಬಿಟ್ಟು, ಮಕ್ಕಳ ಹಲಗೆಯನ್ನು ತೊಡೆಯ ಮೇಲಿಟ್ಟು ತಾಳ ಬಡಿಯುತ್ತ ಕೂತಿದ್ದಳು.

ಮುಂದಿನ ಸೋಮವಾರ ಸ್ಕೂಲಿನ ಅಂಗಳದಲ್ಲಿ ಬೇರೆಯೇ ಸಾಲು ನಿಂತಿತ್ತು. ಮೇಳಕ್ಕೆಂದು ಮೂರು ದಿನ ಚಕ್ಕರ್ ಹೊಡೆದಿದ್ದ ನಲವತ್ತೊಂದು ಹುಡುಗರು. ಹೆಡ್‌ಮಾಸ್ಟರು ಬೆತ್ತ ಹಿಡಿದು ನಿಂತಿದ್ದರು. “ಎಲ್ರಿಗೂ ನುಣ್ಣಗೆ ಬೋಳ್ಸು. ಊರೆಲ್ಲ ನೋಡ್ಲಿ,” ಅಂದರು.

ಸಾಲಿನ ಮೊದಲಿಗ ಹದಿನಾರು ವರ್ಷದ ಉದ್ದ ಕುತ್ತಿಗೆಯ ಹುಡುಗ, ಎಲ್ಲರ ಬಾಯಲ್ಲಿ ಕೊಕ್ಕರೆ. ಅವನು ಕುರ್ಚಿಯಲ್ಲಿ ಕೂತ. ಹೇಗ್ಬೇಕಣ್ಣ ಗಂಟು ಹಾಕಿದ. ರೂಢಿಯಂತೆ ಬಾಯಿ ತೆರೆದ. ಕನ್ನಡಿಯಲ್ಲಿ ಹೆಡ್‌ಮಾಸ್ಟರ ಮುಖ ನೋಡಬೇಕಿದ್ದ ಕಣ್ಣು ಈ ಸಲ ಹುಡುಗನ ಕಣ್ಣಿನಲ್ಲಿ ನಿಂತಿತು. “ಹೇಗೆ ಬೇಕು?” ಅಂದ.

ಕೊಕ್ಕರೆ ಹೇಳಿದ: “ಬೇಡ.”

ಹೇಗ್ಬೇಕಣ್ಣ ಗಂಟು ಬಿಚ್ಚಿದ, ಕೂದಲೇ ಬೀಳದ ಬಟ್ಟೆಯನ್ನು ಕೊಡವಿದ, “ಮುಂದಿನವ್ರು ಬನ್ನಿ,” ಅಂದ. ಮುಂದಿನವನೂ ಬೇಡ ಅಂದ. ಅದರ ಮುಂದಿನವನೂ. ನಡುವೆ ಮೂವರು “ಸೆಕೆ ಅಣ್ಣ, ಸಣ್ಣಗೆ ಕತ್ತರಿಸಿ” ಅಂದರು. ಅವರಿಗೆ ಅಷ್ಟೇ ಚೊಕ್ಕವಾಗಿ ಕತ್ತರಿಸಿದ. ಹೆಡ್‌ಮಾಸ್ಟರು ಬಂದು ಅವನ ಮಣಿಕಟ್ಟು ಹಿಡಿದು, “ಕೇಳೋಕೆ ನೀನ್ಯಾರೋ? ಹೇಳ್ತಿರೋನು ನಾನು!” ಎಂದು ಗುಡುಗಿದರು. ಅವನ ಬಾಯಿಂದ ಬಂದ ಮಾತು ಅವನಿಗೇ ಹೊಸದು: “ಕೂತಿರೋರು ನೀವಲ್ಲ ಸಾರ್.”

ಸಾಲಿನ ಕೊನೆಯವನವರೆಗೂ ಅವನು ಕೇಳಿಯೇ ಕೇಳಿದ. ಆದರೆ ಇದರಿಂದ ಯಾರ ಕೂದಲೂ ಉಳಿಯಲಿಲ್ಲ, ಅದನ್ನೂ ಹೇಳಿಬಿಡಬೇಕು. ಎರಡು ದಿನದಲ್ಲಿ ಪಕ್ಕದೂರಿನಿಂದ ಒಬ್ಬ ಬಂದು ನಲವತ್ತೊಂದು ತಲೆಗಳನ್ನೂ ಬೋಳಿಸಿ ಹೋದ. ಹೇಗ್ಬೇಕಣ್ಣನಿಗೆ ಸ್ಕೂಲಿನ ಕೆಲಸ ಹೋಯಿತು, ವಾರದೊಳಗೆ ಕೋಣೆಯೂ ಹೋಯಿತು. ಸೈಕಲ್ ಅಂಗಡಿಯ ಮೆಟ್ಟಿಲ ಕೆಳಗೆ, ತಲೆ ಎತ್ತಿ ನಿಂತರೆ ಹಣೆಗೆ ಕಲ್ಲು ಬಡಿಯುವ ಜಾಗದಲ್ಲಿ, ಹನ್ನೊಂದು ವರ್ಷ ಕುರ್ಚಿ ಹಾಕಿಕೊಂಡ. ಒಮ್ಮೊಮ್ಮೆ ಒಲೆ ಹೊತ್ತುವುದೇ ಕಷ್ಟವಾಗುತ್ತಿತ್ತು. “ಏನು ಸಾಧಿಸ್ದೆ?” ಎಂದು ಜನ ಮೂಗು ಮುರಿದರೆ, “ನನ್ನ ಕುರ್ಚೀಲಿ ಆಗ್ಲಿಲ್ಲ, ಅಷ್ಟೇ,” ಅನ್ನುತ್ತಿದ್ದ. ಹೆಂಡತಿ ಬಟ್ಟೆಗಳನ್ನು ಒಗೆದು ಹಿಂಡುತ್ತ ತಾನೂ ಒಂದು ಮಾತು ಸೇರಿಸುತ್ತಿದ್ದಳು: “ಆಗೋದೂ ಇಲ್ಲ.”

ಕೂದಲು ಬೆಳೆದ ಮೇಲೆ ಆ ಹುಡುಗರು ಒಬ್ಬೊಬ್ಬರಾಗಿ ಮೆಟ್ಟಿಲ ಕೆಳಗೆ ಬಗ್ಗಿಕೊಂಡು ಬಂದರು. ಮೊದಲು ಬಂದವನು ಕೊಕ್ಕರೆ. ಅಲ್ಲಿಂದ ಅವನು ತಿಂಗಳು ತಪ್ಪಿಸಿಲ್ಲ. ಮೊದಮೊದಲು ಒಂದೊಂದು ಸಲಕ್ಕೆ ಒಂದೊಂದು ಉತ್ತರ ಕೊಡುತ್ತಿದ್ದ: ಉದ್ದ, ಮೋಟು, ಒಂದು ಕಡೆ ಮಾತ್ರ. ಕೆಲಸ ಸಿಕ್ಕ ಮೇಲೆ “ಮಾಮೂಲಿ” ಅನ್ನತೊಡಗಿದ. ಕಳೆದ ಮೂವತ್ತು ವರ್ಷದಿಂದ ಅವನದು ಅದೊಂದೇ ಉತ್ತರ.

ಈಗ ಮೇಳಕ್ಕೆ ನಲವತ್ತೆರಡು ವರ್ಷ. ಊರು ಅದನ್ನು ಎದೆಗೆ ಒತ್ತಿಕೊಂಡ ಸೊಗಸು ನೋಡಬೇಕು. ಸರ್ಕಲ್ಲಿನಲ್ಲಿ ಸಿಮೆಂಟಿನ ಗಿಟಾರು ನಿಂತಿದೆ, ಮಕ್ಕಳಿಗೆ ‘ಆ ಮೂರು ದಿನ’ ಎಂಬ ಪ್ರಬಂಧ ಸ್ಪರ್ಧೆ. ಅಂದು ಚಿಲಕ ಜಡಿದ ಮನೆಯವರೆಲ್ಲ, ಇಂದು ಕೇಳಿದರೆ, ಮೊದಲ ಸಾಲಿನಲ್ಲೇ ಕೂತಿದ್ದರಂತೆ. ಅವರು ಹೇಳುವ ಲೆಕ್ಕ ಹಿಡಿದರೆ ಆ ಮೊದಲ ಸಾಲು ಪಕ್ಕದ ಜಿಲ್ಲೆಯವರೆಗೆ ಇದ್ದಿರಬೇಕು. ಬಯಲಿನಲ್ಲಿ ಸ್ಮಾರಕ ಭವನ ಎದ್ದಿದೆ. ಅದರ ಸಮಿತಿಯ ಅಧ್ಯಕ್ಷರು ಬೇರಾರೂ ಅಲ್ಲ, ನಮ್ಮ ಕೊಕ್ಕರೆ. ಆತ ಈಗ ಅದೇ ಹೈಸ್ಕೂಲಿನ ಹೆಡ್‌ಮಾಸ್ಟರು.

ಉದ್ಘಾಟನೆಗೆ ನಾಲ್ಕು ದಿನ ಇರುವಾಗ ಬೆಳಿಗ್ಗೆ ಒಂಬತ್ತಕ್ಕೆ ಅವರು ಅಂಗಡಿಗೆ ಬಂದರು. ಅಂಗಡಿ ಇರುವುದು ಈಗ ಹಳೇ ಮಾರ್ಕೆಟ್ಟಿನಲ್ಲಿ. ಅದನ್ನು ಕೆಡವಲು ನೋಟೀಸು ಅಂಟಿಸಿದ್ದಾರೆ, ಹೊಸ ಮಾರ್ಕೆಟ್ಟಿನಲ್ಲಿ ಮಳಿಗೆ ಯಾರಿಗೆಂದು ಇನ್ನೂ ಹೇಳಿಲ್ಲ. ಹೆಡ್‌ಮಾಸ್ಟರ ಹಿಂದೆ ಅವರ ಒಬ್ಬಳೇ ಮಗಳು, ತಡವಾಗಿ ಹುಟ್ಟಿದವಳು, ಹದಿನೈದು ವರ್ಷ, ಅಪ್ಪನದೇ ಉದ್ದ ಕುತ್ತಿಗೆ. ಅವಳ ತಲೆಯ ಎಡಭಾಗ ಪೂರಾ ಗಾಢ ನೀಲಿ. ಹೇಗ್ಬೇಕಣ್ಣ ನೋಡಿದವನೇ ಮನಸ್ಸಿನಲ್ಲೇ ಭೇಷ್ ಅಂದುಕೊಂಡ. ಮೂಲೆಯ ಬೆಂಚಿನಲ್ಲಿ ಬಟ್ಟೆ ಮಡಚುತ್ತಿದ್ದ ಅವನ ಹೆಂಡತಿ ಮಡಚುವುದನ್ನೇ ಬಿಟ್ಟು ನೋಡಿದಳು.

“ಅಣ್ಣ, ಎರಡು ಕೆಲ್ಸ,” ಅಂದರು ಹೆಡ್‌ಮಾಸ್ಟರು. “ಒಂದು, ಈ ಕುರ್ಚಿ. ಇದನ್ನ ಭವನದಲ್ಲಿ ಗಾಜಿನ ಪೆಟ್ಟಿಗೇಲಿ ಇಡ್ತೀವಿ. ನಲವತ್ತೊಂದು ಹುಡುಗರು ಬೇಡ ಅಂದ ಕುರ್ಚಿ ಅಂತ ಬೋರ್ಡ್ ಬರ್ಸಿದ್ದೀನಿ.”

“ಮೂವತ್ತೆಂಟು,” ಅಂದ ಹೇಗ್ಬೇಕಣ್ಣ. “ಮೂವರು ಕತ್ತರಿಸ್ಕೊಂಡ್ರು. ಆಮೇಲೆ, ಕುರ್ಚಿ ಇನ್ನೂ ಕೆಲ್ಸ ಮಾಡ್ತಿದೆ ಮೇಷ್ಟ್ರೇ. ಗಾಜಲ್ಲಿಟ್ರೆ ಯಾರು ಕೂರ್ತಾರೆ?”

“ನೋಡೋಣ, ಅದು ಆಮೇಲೆ ಮಾತಾಡೋಣ. ಎರಡನೇದು ಇವಳು. ಇನ್ನೂರು ಮಕ್ಕಳು ಸ್ಟೇಜಿನ ಮೇಲೆ ಮೇಳದ ಹಾಡು ಹೇಳ್ತಾರೆ, ಇವಳೇ ಮುಂದೆ ನಿಲ್ಲೋಳು. ಎಲ್ರಿಗೂ ಒಂದೇ ಯೂನಿಫಾರ್ಮು. ಹುಡುಗರಿಗೆ ಸಣ್ಣ ಕಟಿಂಗು, ಹುಡುಗೀರಿಗೆ ಎರಡು ಜಡೆ, ಬಿಳಿ ರಿಬ್ಬನ್ನು. ಇವಳು ಮೊನ್ನೆ ಗೆಳತಿ ಮನೇಲಿ ಈ ಅವತಾರ ಮಾಡ್ಕೊಂಡಿದ್ದಾಳೆ. ಮೇಲೆ ಕಪ್ಪು ಬಣ್ಣ ಬಳಿದು, ಅಂಚೆಲ್ಲ ಸಮ ಮಾಡಿ, ಜಡೆ ಹಾಕೋ ಹಾಗೆ ಮಾಡಿಕೊಡಿ.” ಆಮೇಲೆ ದನಿ ತಗ್ಗಿಸಿ, ಪ್ರೀತಿಯಿಂದಲೇ ಸೇರಿಸಿದರು: “ಮಳಿಗೆ ಪಟ್ಟಿ ನಾಳೆ ಫೈನಲ್ ಆಗತ್ತೆ. ನಿಮ್ಮ ಹೆಸ್ರನ್ನ ಮೇಲೇ ಹಾಕ್ಸಿದ್ದೀನಿ.”

ಬೆದರಿಕೆ ಹಾಕುವ ಮನುಷ್ಯ ಅಲ್ಲ ಆತ. ಆದರೆ ಕೇಳಿಸಿಕೊಂಡವನಿಗೆ ಅರವತ್ತಾರು ವರ್ಷ. ಮೆಟ್ಟಿಲ ಕೆಳಗಿನ ಕಲ್ಲು ಹಣೆಗೆ ಬಡಿದದ್ದು ಅವನಿಗೆ ಮರೆತಿರಲಿಲ್ಲ. ಈ ವಯಸ್ಸಿನಲ್ಲಿ ಇನ್ನೊಮ್ಮೆ ಬೀದಿಗೆ ಬಿದ್ದರೆ ಏಳುವುದು ಸುಲಭವಲ್ಲ.

ಹುಡುಗಿ ಕೂತಳು. ಬಟ್ಟೆ ಹೊದಿಸಿದ, ಗಂಟು ಹಾಕಿದ. ಕನ್ನಡಿಯಲ್ಲಿ ಎರಡು ಮುಖ ಕಾಣುತ್ತಿದ್ದವು, ಕೂತವಳದು ಮತ್ತು ಹಿಂದೆ ನಿಂತವರದು. ಹೇಗ್ಬೇಕಣ್ಣ ಕೂತವಳ ಕಣ್ಣು ನೋಡಿದ.

“ಹೇಗೆ ಬೇಕು ಮಗು?”

“ಹೇಳಿದ್ನಲ್ಲ ಅಣ್ಣ, ಕಪ್ಪು...”

“ನೀವು ನಿಂತಿದ್ದೀರಿ ಮೇಷ್ಟ್ರೇ.”

ಹುಡುಗಿ ಕನ್ನಡಿಯಲ್ಲಿ ತನ್ನ ತಲೆಯನ್ನೇ ನೋಡಿಕೊಂಡಳು. ಹೇಗ್ಬೇಕಣ್ಣ ಕಾದ. ಅವಳು ಬೇಡ ಅನ್ನುತ್ತಾಳೆಂದು ಅವನಿಗೆ ಖಾತ್ರಿಯಿತ್ತು. ಕೈ ಆಗಲೇ ಗಂಟಿನ ಬಳಿ ಹೋಗಿತ್ತು. ಬಟ್ಟೆ ಕೊಡವುವ ಆ ಗಳಿಗೆಯನ್ನು ನೆನೆದು ಒಳಗೊಳಗೇ ಹಿಗ್ಗುತ್ತಿದ್ದ. ಮಳಿಗೆ ಹೋದರೆ ಹೋಗಲಿ, ಇನ್ನೊಂದು ‘ಬೇಡ’ ಕೇಳಿ ಸಾಯಬಹುದು ಅಂದುಕೊಂಡ.

“ಬೋಳಿಸಿ,” ಅಂದಳು ಹುಡುಗಿ. “ಪೂರ್ತಿ.”

ಹೇಗ್ಬೇಕಣ್ಣನ ಮುಖ ಇಳಿದುಹೋಯಿತು. ಇಷ್ಟು ಚೆಂದದ ನೀಲಿ! “ಅಲ್ಲಮ್ಮ,” ಅಂದ, “ನೀಲಿ ನಿನಗೆ ಒಪ್ಪುತ್ತೆ. ಹಾಗೇ ಇರ್ಲಿ ಅಂತಂದ್ರೆ ನಾನೇ ನಿಮ್ಮಪ್ಪನ ಹತ್ರ...”

“ಏನ್ರೀ,” ಎಂದಳು ಬೆಂಚಿನಿಂದ ಹೆಂಡತಿ. “ಕೇಳಿದ್ದು ಯಾರು?”

“ನಾನೇ.”

“ಹೇಳಿದ್ಲಲ್ಲ. ಈಗ ನಿಮಗೆ ಹೇಗೆ ಬೇಕು ಅಂತ ಯಾರಾದ್ರೂ ಕೇಳಿದ್ರಾ?”

ಹೇಗ್ಬೇಕಣ್ಣನಿಗೆ ಕೆನ್ನೆಗೆ ಹೊಡೆದಂತಾಯಿತು. ನಲವತ್ತೆರಡು ವರ್ಷ ಎದೆಯುಬ್ಬಿಸಿ ಹೇಳಿಕೊಂಡು ಬಂದ ನಿಯಮ, ತನಗೆ ಬೇಕಾದ ಉತ್ತರ ಬಾರದ ಮೊದಲ ಸಲವೇ ಅದನ್ನು ಗಾಳಿಗೆ ತೂರಲು ಹೊರಟಿದ್ದ. ಹೆಡ್‌ಮಾಸ್ಟರಿಗೂ ತನಗೂ ಆಗ ಏನು ವ್ಯತ್ಯಾಸ ಉಳಿಯುತ್ತಿತ್ತು?

ಅಪ್ಪನ ಅಪ್ಪಣೆಯಂತೆ ಅವನು ಎರಡನೇ ಸಲ ಕೇಳಿದ. “ಯೋಚಿಸಿ ಹೇಳು. ಬೋಳಿಸ್ಲಾ?”

“ಹೂಂ,” ಅಂದಳು ಅವಳು, ಕನ್ನಡಿಯಲ್ಲಿ ಅಪ್ಪನನ್ನೇ ನೋಡುತ್ತ. “ನೀಲಿ ನನ್ನ ಗೆಳತಿ ಬಳಿದದ್ದು. ಜಡೆ ಅಪ್ಪ ಹೇಳಿದ್ದು. ನಾನು ಹೇಗಿದ್ದೀನಿ ಅಂತ ಒಂದ್ಸಲ ನೋಡ್ಬೇಕು.”

ಮಷೀನು ಎತ್ತಿದ ಕೈಯನ್ನು ಹೆಡ್‌ಮಾಸ್ಟರು ಬಂದು ಹಿಡಿದರು. ಅವರ ಕಣ್ಣು ಕೆಂಪಾಗಿತ್ತು. “ಬೇಡ ಅಣ್ಣ. ಇಡೀ ಊರು ಬರತ್ತೆ. ನನ್ನ ಮರ್ಯಾದೆ ಏನಾಗ್ಬೇಕು? ನಾನು ಹೇಳ್ತಿದ್ದೀನಿ, ಬೇಡ.”

ಹೇಗ್ಬೇಕಣ್ಣ ಕೈ ಕೊಸರಲಿಲ್ಲ. ಮೆಲ್ಲಗೆ, ಸಿಟ್ಟೆಲ್ಲ ಹಲ್ಲಿನ ಹಿಂದೆ ಇಟ್ಟುಕೊಂಡು, ಹಳೇ ಸಲಿಗೆಯಲ್ಲಿ ಅಂದ: “ಕೊಕ್ಕರೆ, ಅವತ್ತು ಹೆಡ್‌ಮಾಸ್ಟ್ರು ಹಿಡಿದದ್ದೂ ಇದೇ ಕೈಯನ್ನ. ಇದೇ ಮಣಿಕಟ್ಟಿನಲ್ಲಿ. ನೀನು ನೋಡ್ತಾ ನಿಂತಿದ್ದೆ.”

ಹೆಡ್‌ಮಾಸ್ಟರು ಕೈ ಬಿಟ್ಟರು. ಹೊರಗೆ ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ಕೆಲಸ ಮುಗಿಯಲು ಇಪ್ಪತ್ತು ನಿಮಿಷ ಹಿಡಿಯಿತು. ಹುಡುಗಿ ತಲೆಯನ್ನು ಎರಡೂ ಕೈಯಿಂದ ಸವರಿಕೊಂಡು, ಕಿವಿಯ ಮೇಲಿನ ಒಂದು ಹಳೇ ಗಾಯದ ಗುರುತನ್ನು ಮೊದಲ ಸಲ ನೋಡಿ, ಗೊಳ್ಳೆಂದು ನಕ್ಕಳು. ಹೇಗ್ಬೇಕಣ್ಣನ ಹೆಂಡತಿ ನೆಲದ ನೀಲಿ ಕೂದಲು ಗುಡಿಸುತ್ತ ತಾನೂ ನಕ್ಕಳು.

ಮಾರನೆಯ ದಿನ ಮಳಿಗೆ ಪಟ್ಟಿ ಗೋಡೆಗೆ ಅಂಟಿತು. ಮೇಲೂ ಇಲ್ಲ, ಕೆಳಗೂ ಇಲ್ಲ, ಅವನ ಹೆಸರು ಎಲ್ಲೂ ಇರಲಿಲ್ಲ. ಯಾರು ತೆಗೆಸಿದರು ಎಂದು ಅವನು ವಿಚಾರಿಸಲಿಲ್ಲ. ಮನೆಗೆ ಬಂದು ಸುದ್ದಿ ಹೇಳಿದಾಗ ಹೆಂಡತಿ ಕೈಯ ಕೆಲಸ ಬಿಟ್ಟು ಎದ್ದಳು. ಆಮೇಲೆ ಹಿತ್ತಲಿಗೆ ಹೋಗಿ ಹಳೇ ಕೈಗಾಡಿಯ ಚಕ್ರಕ್ಕೆ ಎಣ್ಣೆ ಬಿಡತೊಡಗಿದಳು.

“ಇದ್ಯಾಕೆ ಈಗ?”

“ಅವತ್ತು ಒಂದು ಪೆದ್ದುತನ ಮಾಡಿದ್ವಲ್ಲ, ಎರಡು ಲಕ್ಷ ತಲೆ ಅಂತ. ಇನ್ನೊಂದ್ಸಲ ಮಾಡೋಣ. ನಮ್ಮ ಕುರ್ಚಿ ಹಾಕೋಕೆ ಅವರ ಮಳಿಗೇನೇ ಬೇಕಾ?”

ಉದ್ಘಾಟನೆಯ ದಿನ ಇಬ್ಬರೂ ಆ ಮೂರು ಮೈಲಿಯನ್ನು ಆರು ಕಡೆ ನಿಂತು ಉಸಿರು ಬಿಟ್ಟು ನೂಕಿದರು. ಬಯಲಿನ ಅಂಚಿನಲ್ಲಿ ಕುರ್ಚಿ ಇಳಿಸಿ, ಕನ್ನಡಿಯನ್ನು ಬೇಲಿಯ ಕಂಬಕ್ಕೆ ಕಟ್ಟಿದರು. ವಾಚ್‌ಮನ್ ಬಂದು ಪರ್ಮಿಷನ್ ಎಲ್ಲಿ ಎಂದ. “ಮೊದಲನೇ ಸಲಾನೂ ಇರ್ಲಿಲ್ಲ,” ಅಂದಳು ಹೆಂಡತಿ. ಅವನು ಕುರ್ಚಿಯನ್ನೊಮ್ಮೆ ನೋಡಿ ಗೇಟಿನ ಕಡೆ ಹಿಂತಿರುಗಿದ.

ದೂರದ ಸ್ಟೇಜಿನ ಮೇಲೆ ಇನ್ನೂರು ಮಕ್ಕಳು ಬಂದು ನಿಂತರು. ಬಿಳಿ ರಿಬ್ಬನ್ನುಗಳ ಸಾಲಿನ ಮುಂದೆ ಒಂದು ಬೋಳು ತಲೆ ಬಿಸಿಲಿಗೆ ಮಿರಮಿರ ಮಿಂಚುತ್ತಿತ್ತು. ಅವಳನ್ನು ಹಿಂದೆ ನಿಲ್ಲಿಸಬೇಕೆಂದು ಸಮಿತಿಯಲ್ಲಿ ಎರಡು ದಿನ ಜಗಳವಾಗಿತ್ತಂತೆ, ಮಿಕ್ಕ ಮಕ್ಕಳು ಹಾಗಾದರೆ ಹಾಡುವುದೇ ಇಲ್ಲ ಎಂದು ಪಟ್ಟು ಹಿಡಿದರಂತೆ. ಅವಳು ದನಿ ಎತ್ತಿದಳು. ಹೇಗ್ಬೇಕಣ್ಣನ ಹೆಂಡತಿ ಹಲಗೆಯನ್ನು ತೊಡೆಯ ಮೇಲಿಟ್ಟು ತಾಳ ಬಡಿದಳು, ನಲವತ್ತೆರಡು ವರ್ಷದ ಮೇಲೂ ಒಂದು ಪೆಟ್ಟು ತಪ್ಪಲಿಲ್ಲ. ಹೇಗ್ಬೇಕಣ್ಣನಿಗೆ ಅಳು ಬಂತು, ಅತ್ತ.

ಹಾಡು ಮುಗಿದ ಮೇಲೆ ಮಕ್ಕಳು ಒಬ್ಬೊಬ್ಬರಾಗಿ ಬೇಲಿಯ ಕಡೆ ಬಂದರು. ಒಂದು ಹುಡುಗಿ ರಿಬ್ಬನ್ನು ಬಿಚ್ಚಿ ಕೈಯಲ್ಲಿ ಸುತ್ತಿಕೊಂಡು ಕೂತಳು. “ಹೇಗೆ ಬೇಕು?” ಅಂದ ಹೇಗ್ಬೇಕಣ್ಣ. ಅವಳ ಹಿಂದೆ ಸಾಲು ಬೆಳೆಯಿತು. ಕೆಲವರು ಕತ್ತರಿಸಿಕೊಂಡರು, ಹಲವರು ಕೇಳಿಸಿಕೊಂಡು ಯೋಚಿಸಿ, ಹಾಗೇ ಎದ್ದು ಹೋದರು. ಸ್ಮಾರಕ ಭವನದ ಗಾಜಿನ ಪೆಟ್ಟಿಗೆ ಬೋರ್ಡಿನ ಸಮೇತ ಖಾಲಿ ಕೂತಿತ್ತು.

ಸಾಲಿನಲ್ಲಿ ನಿಂತೇ ಬಂದ ಹೆಡ್‌ಮಾಸ್ಟರು ಕುರ್ಚಿಯಲ್ಲಿ ಕೂತಾಗ ಹೇಗ್ಬೇಕಣ್ಣ ಗುರುತು ಹಿಡಿದರೂ ಮುಖದ ಮೇಲೆ ತೋರಿಸಿಕೊಳ್ಳಲಿಲ್ಲ. ಬಟ್ಟೆ ಹೊದಿಸಿದ, ಗಂಟು ಹಾಕಿದ. ಕನ್ನಡಿಯಲ್ಲಿ ಉದ್ದ ಕುತ್ತಿಗೆಯ ಮೇಲೆ ನರೆತ, ಎಣ್ಣೆ ಹಚ್ಚಿ ಬಾಚಿದ, ಮೂವತ್ತು ವರ್ಷದಿಂದ ಕೂದಲೆಳೆಯಷ್ಟೂ ಆಚೀಚೆ ಆಗದ ತಲೆ.

“ಹೇಗೆ ಬೇಕು?”

“ಮಾಮೂ...” ಎಂದು ಶುರು ಮಾಡಿದವರು ಅಲ್ಲೇ ನಿಂತರು. ಕನ್ನಡಿಯನ್ನು ನೋಡಿದರು. “ಗೊತ್ತಾಗ್ತಿಲ್ಲ ಅಣ್ಣ,” ಅಂದರು ಕೊನೆಗೆ. “ಸ್ವಲ್ಪ ಯೋಚ್ನೆ ಮಾಡ್ಲಾ?”

ಸಾಲಿನಲ್ಲಿದ್ದ ಮಕ್ಕಳು ಗುಸುಗುಸು ಅಂದರು. ಹೇಗ್ಬೇಕಣ್ಣ ಕತ್ತರಿಯನ್ನು ಜೇಬಿಗೆ ಇಳಿಸಿ, ಕೈಕಟ್ಟಿ ನಿಂತ.

“ಮಾಡು ಕೊಕ್ಕರೆ. ಕುರ್ಚಿ ಎಲ್ಲೂ ಹೋಗಲ್ಲ.”